ನಲವತ್ತಮೂರು ಮಂದಿಯ ಥಾಲಿ

ಗುರುಪಾದ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕೇಳಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ.

ಅಂಧೇರಿ ಪೂರ್ವದಲ್ಲಿ ನಾನು ಮೂವತ್ತೊಂದು ವರ್ಷದಿಂದ ಕ್ಯಾಶಿನಲ್ಲಿ ಕೂರುವ ಹೋಟೆಲಿನ ಬಿಲ್ಡಿಂಗಿನಲ್ಲೇ, ನಾಲ್ಕನೆಯ ಮಾಳಿಗೆಯಲ್ಲಿ, ಅವನ ಆಫೀಸು. ಬೆಳಿಗ್ಗೆ ಒಂಬತ್ತೂವರೆಗೆ ಇಳಿದು ಬಂದು ಗೋಡೆಯ ಪಕ್ಕದ ಮೇಜಿನಲ್ಲಿ ಕೂತು ಉಪ್ಪಿಟ್ಟು ತಿಂದು, ಅರ್ಧ ಲೋಟದ ಕಟಿಂಗ್ ಚಹಾ ಕುಡಿದು, ಕೈ ಒರೆಸಿದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ತಟ್ಟೆಯ ಕೆಳಗಿಟ್ಟು ಹೋಗುತ್ತಿದ್ದ. ಅಂಥ ಜನ ಈಗ ಕಡಿಮೆ. ಕನ್ನಡದವನೆಂದು ಗೊತ್ತಾದ ಮೇಲೆ ನಾನೇ ಮಾತಿಗೆಳೆದೆ. ನಾನು ಕುಂದಾಪುರದ ಕಡೆಯವನು, ಅವನು ಜೇವರ್ಗಿ ಕಡೆಯವನು. ಅವನ ಕನ್ನಡ ನನಗೂ ನನ್ನದು ಅವನಿಗೂ ತಲೆಗೆ ಹತ್ತಲು ವಾರ ಬೇಕಾಯಿತು. ಆಮೇಲೆ ನಾನು ಅವನಿಗೆ ಕಾಕಾ ಆದೆ.

ಜೇವರ್ಗಿ ಎಂದೆನಲ್ಲ, ಅದು ಹೆಸರಿಗೆ. ಹುಟ್ಟಿದ್ದು ಜೋಗೇಶ್ವರಿಯಲ್ಲಿ, ಕಟ್ಟುತ್ತಿದ್ದ ಯಾವುದೋ ಬಿಲ್ಡಿಂಗಿನ ತಗಡಿನ ಶೆಡ್ಡಿನಲ್ಲಿ. ನಾಲ್ಕು ವರ್ಷದವನಿದ್ದಾಗ ತಾಯಿ ಜ್ವರದಲ್ಲಿ ಹೋದಳು. ತಂದೆ ಇನ್ನೊಂದು ಮದುವೆಯಾಗಿ ಪುಣೆಯ ಕಡೆ ಹೋದವನು ತಿರುಗಿ ನೋಡಲಿಲ್ಲ. ಇವನನ್ನು ಎತ್ತಿಕೊಂಡವಳು ತಾಯಿಯ ತಂಗಿ ಸುಂದ್ರವ್ವ. ಗಂಡ ಸತ್ತವಳು, ಸ್ವಂತ ಮಕ್ಕಳಿಲ್ಲ. ಇಟ್ಟಿಗೆ ಹೊತ್ತಳು, ಸೊಂಟ ಸೋತ ಮೇಲೆ ಜೋಗೇಶ್ವರಿಯಲ್ಲೇ ಒಂದು ಝೋಪಡಿ ಸಾಲಿನಲ್ಲಿ ಖಾನಾವಳಿ ಹಾಕಿದಳು. ಕಟ್ಟಡ ಕೆಲಸಕ್ಕೆ ಬಂದ ತನ್ನ ಕಡೆಯ ಗೌಂಡಿ, ಬಿಗಾರಿಗಳಿಗೆ ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಖಾರ ಬ್ಯಾಳಿ. ಆ ರೊಟ್ಟಿ ಬಡಿದ ದುಡ್ಡಿನಲ್ಲೇ ಗುರುಪಾದ ಮುನ್ಸಿಪಾಲಿಟಿಯ ಕನ್ನಡ ಶಾಲೆ ಮುಗಿಸಿ ಬಿ.ಕಾಂ. ಮಾಡಿದ್ದು.

ಅವನ ಕೆಲಸ ಏನೆಂದು ನನಗೆ ಅರ್ಥವಾಗಲು ಉಪ್ಪಿಟ್ಟು ಎಷ್ಟು ಖರ್ಚಾಯಿತೋ ಲೆಕ್ಕವಿಟ್ಟಿಲ್ಲ. ಬಿಲ್ಡರುಗಳು ಕೂಲಿಯವರಿಗೆ ಊಟದ ಭತ್ತೆ ಕೊಡಬೇಕು. ಕೈಯಲ್ಲಿ ಕೊಟ್ಟರೆ ಕೂಲಿಯವರನ್ನು ಕರೆತರುವ ನಡುವಿನ ಮುಕಾದಮರು ತಿನ್ನುತ್ತಾರೆ. ಅದಕ್ಕೆ ಇವನ ಕಂಪನಿ ಒಂದು ಹೊಸ ನಾಣ್ಯ ಹೊರಡಿಸಿತು. ಹೆಸರು ಥಾಲಿ. ಒಂದು ಥಾಲಿ ಅಂದರೆ ಒಂದು ಊಟ. ಕೈಯಲ್ಲಿ ಹಿಡಿಯಲು ಸಿಗುವುದಿಲ್ಲ, ಫೋನಿನಲ್ಲಿರುತ್ತದೆ. ಬಿಲ್ಡರು ಕಂಪನಿಗೆ ಹಣ ಕಟ್ಟುತ್ತಾನೆ, ಕಂಪನಿ ಕೂಲಿಯವರ ಖಾತೆಗೆ ಥಾಲಿ ಹಾಕುತ್ತದೆ, ಅವರು ಖಾನಾವಳಿಗೆ ಕೊಡುತ್ತಾರೆ, ಖಾನಾವಳಿಯವರು ಅದೇ ಥಾಲಿಯಿಂದ ಜೋಳ, ಎಣ್ಣೆ ತರುತ್ತಾರೆ. ಎಲ್ಲ ಬ್ಲಾಕ್‌ಚೈನಿನಲ್ಲಿ ಬರೆದಿರುತ್ತದೆ.

"ಅದೊಂದು ವಹಿ ಪುಸ್ತಕ ಅಂತ ತಿಳ್ಕೋರಿ ಕಾಕಾ," ಎಂದಿದ್ದ. "ಸಾವಿರ ಕಂಪ್ಯೂಟರ್‌ದಾಗ ಒಂದೇ ಪುಸ್ತಕ. ಒಮ್ಮಿ ಬರದದ್ದು ಯಾರಿಗೂ ಅಳಸ್ಲಾಕ ಬರಂಗಿಲ್ಲ."

"ನನ್ನ ಪುಸ್ತಕದಲ್ಲಿ ತಪ್ಪಿದರೆ ನಾನು ಅಡ್ಡಗೆರೆ ಎಳೆದು ಸಹಿ ಹಾಕ್ತೇನೆ ಮಾರಾಯ. ನಿಮ್ಮದರಲ್ಲಿ ತಪ್ಪಿದರೆ ಎಂತ ಮಾಡುದು?"

ನಕ್ಕ. ಆ ಪುಸ್ತಕದ ಮೇಲೆ ಕಂಪನಿಗೆ ಇದ್ದ ಹಿಡಿತವೇ ಅವನ ಕೆಲಸವಾಗಿತ್ತು. ಅವನ ಮೇಜಿನಿಂದ ಮೂರು ಅಪ್ಪಣೆ ಹೊರಡುತ್ತಿದ್ದವು. ಯಾರ ಖಾತೆಗೆ ಥಾಲಿ ಇಟ್ಟುಕೊಳ್ಳಲು ಒಪ್ಪಿಗೆ ಕೊಡಬೇಕೆನ್ನುವುದು ಒಂದು. ಅನುಮಾನ ಬಂದ ಖಾತೆಯನ್ನು ಫ್ರೀಜ್ ಮಾಡುವುದು ಎರಡನೆಯದು. ಅದರಲ್ಲಿದ್ದದ್ದನ್ನೆಲ್ಲ ಕಂಪನಿಗೆ ವಾಪಸ್ ಎಳೆದುಕೊಂಡು ರದ್ದು ಮಾಡುವುದು ಮೂರನೆಯದು. ಹೊಸ ಥಾಲಿ ಹುಟ್ಟಿಸಲು ಮಾತ್ರ ಎರಡು ಕೀಲಿ ಬೇಕು, ಒಂದು ಅವನದು, ಒಂದು ಜೊತೆಗೆ ಕೆಲಸ ಮಾಡುವ ನಮಿತಾಳದು. ನಿಲ್ಲಿಸಲು, ಎಳೆಯಲು ಒಬ್ಬನೇ ಸಾಕು. ಕೊಡುವುದಕ್ಕೆ ಇಬ್ಬರು, ಕಿತ್ತುಕೊಳ್ಳುವುದಕ್ಕೆ ಒಬ್ಬ! ಇದು ಯಾವ ಬುದ್ಧಿವಂತನ ತಲೆಯಿಂದ ಬಂತೋ.

ಜೋಗೇಶ್ವರಿಯಲ್ಲಿ ಸುಂದ್ರವ್ವನ ಹತ್ತಿರ ಉಣ್ಣುವವರ ಸೈಟಿಗೂ ಥಾಲಿ ಬಂದಾಗ ಗುರುಪಾದನೇ ಹೋಗಿ ಎಲ್ಲರಿಗೂ ಖಾತೆ ತೆರೆದು ಕೊಟ್ಟ. ಖಾತೆ ತೆರೆಯುವಾಗ ಫೋನು ಮೊದಲು ಕೇಳುತ್ತದಂತೆ: ಈ ಕಂಪನಿಯನ್ನು ನಂಬುತ್ತೀರಾ? ಹೌದು ಎಂದು ಒತ್ತದಿದ್ದರೆ ಒಂದು ಥಾಲಿಯೂ ಒಳಗೆ ಬರುವುದಿಲ್ಲ. ಅಲ್ಲಿಯ ಹಿರಿಯ ಗೌಂಡಿ ಅಣವೀರಪ್ಪ, "ಕಂಪನಿ ಯಾವಂದೋ ಯಾರಿಗಿ ಗೊತ್ತು. ನಾವು ಗುರುಗ ನಂಬ್ತೀವಿ," ಎಂದು ಒತ್ತಿದ. ಅವನ ಹಿಂದೆ ಉಳಿದ ನಲವತ್ತೆರಡು ಮಂದಿಯೂ ಒತ್ತಿದರು. ಇದನ್ನು ಹೇಳುವಾಗ ಗುರುಪಾದನ ಮುಖ ಇಷ್ಟಗಲವಾಗಿತ್ತು.

ಹೋದ ವರ್ಷ ಠಾಣೆಯ ಕಡೆ ಒಂದು ಸೈಟಿನಲ್ಲಿ ಮೋಸವಾಯಿತು. ಮುಕಾದಮನೊಬ್ಬ ಇಲ್ಲದ ಕೂಲಿಯವರ ಹೆಸರಿನಲ್ಲಿ ಖಾತೆ ತೆರೆದು, ಒಂದೇ ಫೋನಿನಿಂದ ಎಲ್ಲ ಥಾಲಿ ತನ್ನ ಕಡೆಗೆ ತಿರುಗಿಸಿಕೊಂಡಿದ್ದ. ಕಂಪನಿಯ ದೊಡ್ಡವರು ಗುರುಪಾದನನ್ನು ಕರೆದು ನಿಯಮ ಬರೆ ಎಂದರು. ಬರೆದ: ಒಂದು ತಾಸಿನೊಳಗೆ ಒಂದೇ ಫೋನಿನಿಂದ ಹತ್ತಕ್ಕಿಂತ ಹೆಚ್ಚು ಖಾತೆಗಳು ಪೂರ್ತಿ ಬರಿದಾಗಿ ಥಾಲಿಯೆಲ್ಲ ಒಂದೇ ಖಾತೆಗೆ ಹೋದರೆ, ಆ ಖಾತೆ ಫ್ರೀಜ್, ಇದ್ದದ್ದೆಲ್ಲ ವಾಪಸ್. ಒಳ್ಳೆಯ ನಿಯಮವೇ. ನಾನಾದರೂ ಅದನ್ನೇ ಬರೆಯುತ್ತಿದ್ದೆ.

ನಿಯಮ ಬಂದ ಮೂರನೆಯ ವಾರಕ್ಕೆ ಎಳ್ಳಮಾವಾಸ್ಯೆ ಬಂತು. ಆ ಕಡೆಯ ಕೂಲಿಯವರು ಅಮಾವಾಸ್ಯೆಗೆ ಕರಣೆ ಮುಟ್ಟುವುದಿಲ್ಲ. ಅದರಲ್ಲೂ ಎಳ್ಳಮಾವಾಸ್ಯೆ ಎಂದರೆ ಊರಿನಲ್ಲಿ ಹೊಲಕ್ಕೆ ಹೋಗಿ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುವ ಹಬ್ಬ. ಇಲ್ಲಿ ಹೊಲ ಎಲ್ಲಿದೆ? ಸುಂದ್ರವ್ವನ ಶೆಡ್ಡಿನ ಮುಂದಿನ ಮೋರಿಯ ಪಕ್ಕದಲ್ಲಿ ತೆಂಗಿನಕಾಯಿ ಒಡೆದು ಉಣ್ಣುತ್ತಾರೆ. ಉಂಡೆದ್ದ ಮೇಲೆ, ಮುಂದಿನ ಅಮಾವಾಸ್ಯೆಯವರೆಗಿನ ಊಟವನ್ನು ಎಲ್ಲರೂ ಕೂಡಿ ಅವಳ ಕೈಗೆ ಮುಂಗಡ ಕೊಡುವುದು ಅವರ ಪದ್ಧತಿ. ಅವಳು ಅದರಿಂದ ತಿಂಗಳ ಜೋಳ ತರುತ್ತಾಳೆ. ಮೊದಲು ರೊಕ್ಕ ಕೊಡುತ್ತಿದ್ದರು, ಈಗ ಥಾಲಿ. ಅರ್ಧ ಮಂದಿಗೆ ಫೋನು ಒತ್ತಲು ಬರುವುದಿಲ್ಲ; ಎಲ್ಲರ ಗುಟ್ಟಿನ ಅಂಕಿಯೂ ಅಣವೀರಪ್ಪನ ಹತ್ತಿರ ಇತ್ತು. ಅವನೊಬ್ಬನೇ ಮೋರಿಯ ಪಕ್ಕದ ಮರದ ಕೆಳಗೆ ಕೂತು, ತನ್ನ ಒಂದೇ ಫೋನಿನಲ್ಲಿ, ನಲವತ್ತಮೂರು ಖಾತೆಗಳಿಂದ ಇದ್ದದ್ದನ್ನೆಲ್ಲ, ತಲೆಗೆ ಅರವತ್ತರಂತೆ, ಅವಳಿಗೆ ಕಳಿಸಿದ.

ನಾಲ್ಕನೆಯ ಮಾಳಿಗೆಯಲ್ಲಿ ಗುರುಪಾದನ ಪರದೆಯಲ್ಲಿ ಕೆಂಪು ದೀಪ ಬಂತು. ಅಲ್ಲಿ ಸುಂದ್ರವ್ವ ಎಂದೇನೂ ಬರೆದಿರುವುದಿಲ್ಲ. ಉದ್ದಕ್ಕೆ ಅಕ್ಷರ, ಅಂಕಿ ಕಲಸಿಹಾಕಿದ ಒಂದು ಸಾಲು, ಅದೇ ಮನುಷ್ಯ. ಹೆಸರು ನೋಡಬೇಕಾದರೆ ಬೇರೆ ಕಡತ ತೆಗೆಯಬೇಕು, ಅವನು ತೆಗೆಯಲಿಲ್ಲ. ಎರಡು ಸಲ ಒತ್ತಿದ. ಎರಡು ಸಾವಿರದ ಐನೂರ ಎಂಬತ್ತು ಊಟ ಕಂಪನಿಗೆ ವಾಪಸ್ ಬಂತು. ಮೇಲಿನವರು ಶಾಬಾಸ್ ಎಂದು ಸಂದೇಶ ಕಳಿಸಿದರು. ಆ ದಿನ ನನ್ನಲ್ಲಿ ಎರಡು ಜಿಲೇಬಿ ತಿಂದು ಹೋದ.

ಅಂದು ಎಳ್ಳಮಾವಾಸ್ಯೆ ಎಂಬುದು ಅವನಿಗೆ ನೆನಪಿರಲಿಲ್ಲ. ಅದೇ ಮೋರಿಯ ಪಕ್ಕದಲ್ಲಿ ಭಜ್ಜಿ ಉಂಡು ಬೆಳೆದವನಿಗೆ! ಸಂಜೆ ಸುಂದ್ರವ್ವನ ಫೋನು ಬಂದಾಗಲೇ ಗೊತ್ತಾದದ್ದು.

ಅವಳ ಫೋನಿನಲ್ಲಿ ಹಿಂದಿಯಲ್ಲಿ ಕೆಂಪಾಗಿ ಬರೆದು ಬಂದಿತ್ತು: ಧೋಖಾಧಡಿಯ, ಅಂದರೆ ಮೋಸದ, ಅನುಮಾನ, ಖಾತೆ ಬಂದ್. ಅವಳಿಗೆ ಓದಲು ಬಾರದು. ಓದಿ ಹೇಳಿದವನು ಅಣವೀರಪ್ಪ, ಎಲ್ಲರ ಮುಂದೆ. ಮುಂಬಯಿಯಲ್ಲಿ ಧೋಖಾ ಎಂಬ ಮಾತಿನ ಅರ್ಥ ಯಾರಿಗೆ ಗೊತ್ತಿಲ್ಲ?

ಗುರುಪಾದ ಮರುದಿನ ಬೆಳಿಗ್ಗೆ ನಮಿತಾಳ ಮುಂದೆ ನಿಂತ. ಅವಳ ಕೀಲಿಯೂ ಸಿಕ್ಕರೆ ಅಷ್ಟೂ ಥಾಲಿ ಹೊಸದಾಗಿ ಹುಟ್ಟಿಸಿ ಕೊಡಬಹುದಿತ್ತು. ಅವಳೂ ನಮ್ಮ ಕಡೆಯವಳೇ, ಆದರೆ ಇಲ್ಲಿ ಹುಟ್ಟಿದವಳು. "ಬಾಸ್ ಫಾರಿನ್‌ನಲ್ಲಿ ಇದ್ದಾರೆ ಗುರು. ಅವರನ್ನು ಕೇಳದೆ ಮಾಡಿದ್ರೆ ಇಬ್ಬರದೂ ನೌಕರಿ ಹೋಗ್ತದೆ, ಸಮಝೋ ನಾ," ಎಂದಳಂತೆ. ಫೋನಿನಲ್ಲಿ ಸಿಕ್ಕ ದೊಡ್ಡವರು ತನಿಖೆಯಾಗಲಿ ಎಂದರು. ತನಿಖೆ ಮುಗಿಯುವವರೆಗೆ ಹೊರಗೆ ಒಂದು ಮಾತೂ ಹೋಗಕೂಡದು ಎಂಬ ಕಾಗದಕ್ಕೆ ಅವನ ಸಹಿ ಮಾಡಿಸಿ ಕೈ ತೊಳೆದುಕೊಂಡರು.

ಸುಂದ್ರವ್ವ ಒಲೆ ಆರಿಸಲಿಲ್ಲ. ಮನೆಯಲ್ಲಿದ್ದ ಜೋಳ ಮುಗಿಸಿದಳು, ಕಿವಿಯ ಬೆಂಡೋಲೆ ಮಾರಿ ಮತ್ತೊಂದಿಷ್ಟು ತಂದಳು. ಒಂಬತ್ತನೆಯ ದಿನ ಇವನನ್ನು ಹುಡುಕಿಕೊಂಡು ನಮ್ಮ ಹೋಟೆಲಿಗೇ ಬಂದಳು. ಆಫೀಸಿನ ಲಿಫ್ಟು ಹತ್ತಲು ಅಂಜಿಕೆ. ನಾನು ಚಹಾ ಕೊಡಿಸಿದೆ, ಮುಟ್ಟಲಿಲ್ಲ.

"ರೊಟ್ಟಿದು ಹ್ಯಾಂಗರ ನಡಸ್ತೀನಿ ತಮ್ಮಾ," ಎಂದಳು ಗುರುಪಾದನಿಗೆ. "ಮಂದಿ ನನಗ ಕಳ್ಳಿ ಅಂತ ನೋಡ್ಲಾಕತ್ತಾರ. ಇಪ್ಪತ್ತು ವರ್ಷ ಯಾರದೂ ಒಂದು ತುತ್ತು ಮುಚ್ಚಿಟ್ಟಾಕಿ ಅಲ್ಲ ನಾ. ನೀ ಒಮ್ಮಿ ಬಂದು ಹೇಳು. ನನ್ನ ಕೈಲೇ ಆಗ್ಯಾದ, ಚಿಗವ್ವಂದು ತಪ್ಪಿಲ್ಲ ಅಂತ. ಅಷ್ಟ ಸಾಕು."

ಗುರುಪಾದ ನನ್ನ ಕಡೆ ನೋಡಿದ. ಅವಳು ಹೋದ ಮೇಲೆ ಕೇಳಿದ, "ಏನ್ ಮಾಡ್ಲಿ ಕಾಕಾ?"

"ಸಹಿ ಹಾಕಿದ್ದೀ. ಹೆಂಡತಿಗೆ ಏಳು ತಿಂಗಳು. ಈಗ ನೌಕರಿ ಹೋದರೆ ಮತ್ತೆಲ್ಲಿ ಹುಡುಕ್ತೀ? ನಾಲ್ಕು ದಿನ ಬಾಯಿ ಮುಚ್ಚಿಕೊಂಡಿರು. ಎಲ್ಲ ಸರಿ ಆಗ್ತದೆ," ಎಂದೆ ನಾನು. ನಾನೇ. ಅವನ ಕಂಪನಿಯನ್ನು ಬೈಯುವಾಗೆಲ್ಲ ಈ ಮಾತೂ ನೆನಪಾಗುತ್ತದೆ.

ಹನ್ನೆರಡನೆಯ ದಿನ ಅವಳ ಒಲೆ ಆರಿತು. ಕೂಲಿಯವರು ಸ್ವಂತ ರೊಕ್ಕದಲ್ಲಿ ವಡಾಪಾವ್ ತಿಂದು ಮಾಳಿಗೆ ಹತ್ತಿದರು. ಸುಂದ್ರವ್ವ ನಮ್ಮ ಊಟ ನುಂಗಿದಳು ಎಂಬ ಮಾತು ಮೊದಲು ಪಿಸುಪಿಸು ಇದ್ದದ್ದು, ಆಮೇಲೆ ಅವಳ ಬಾಗಿಲ ಮುಂದೆಯೇ ನಡೆಯಿತು. ನೀರಿನ ನಳದ ಹತ್ತಿರ ಹೆಂಗಸರು ಅವಳ ಕೊಡವನ್ನು ಹಿಂದೆ ಸರಿಸಿದರು.

ಇಪ್ಪತ್ತಾರನೆಯ ದಿನ ತನಿಖೆ ಮುಗಿಯಿತು. ಮೋಸವೇನೂ ಇಲ್ಲವೆಂದು ತೀರ್ಮಾನಿಸಿ, ಗುರುಪಾದ, ನಮಿತಾ ಇಬ್ಬರ ಕೀಲಿಯಿಂದ ಎರಡು ಸಾವಿರದ ಐನೂರ ಎಂಬತ್ತು ಥಾಲಿ ಮತ್ತೆ ಹೊರಡಿಸಿದರು. ಆದರೆ ಯಾರಿಗೆ? ಕಂಪನಿಯ ನಿಯಮದಂತೆ ಮೂಲ ಒಡೆಯರಿಗೆ, ಅಂದರೆ ಆ ನಲವತ್ತಮೂರು ಮಂದಿಗೆ. ಒಂದು ಬೆಳಿಗ್ಗೆ ಅವರ ಫೋನುಗಳೆಲ್ಲ ಒಟ್ಟಿಗೆ ಟಿಣ್ ಎಂದವು. ತಲೆಗೆ ಅರವತ್ತು ಥಾಲಿ ವಾಪಸ್. ಇನ್ನೇನು ಸಾಕ್ಷಿ ಬೇಕು? ಕಳ್ಳಿಯ ಕೈಯಿಂದ ಕಂಪನಿ ಕಿತ್ತು ನಮಗೆ ಕೊಟ್ಟಿತು ಎಂದುಕೊಂಡರು. ಅವಳು ಹನ್ನೊಂದು ದಿನ ಉಣ್ಣಿಸಿದ್ದನ್ನು ಯಾರೂ ಎತ್ತಲಿಲ್ಲ.

ಅದನ್ನು ಕೇಳಿ ಗುರುಪಾದನಿಗೆ ತಡೆದುಕೊಳ್ಳಲಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ರಜೆ ಹಾಕಿದ. "ನೌಕರಿ ಹೋದ್ರ ಹೋಗ್ಲಿ ಕಾಕಾ, ಬರ್ರಿ ನನ್ನ ಕೂಡ," ಎಂದ. ಮೂವತ್ತೊಂದು ವರ್ಷದಲ್ಲಿ ಮಧ್ಯಾಹ್ನದ ಹೊತ್ತಿಗೆ ನಾನು ಕ್ಯಾಶು ಬಿಟ್ಟು ಎದ್ದದ್ದು ಅದೇ ಮೊದಲು.

ಮಂದಿ ಮರದ ಕೆಳಗೆ ಸೇರಿದ್ದರು. ಊಟ ಬೇರೆ ಯಾರದೋ ಮನೆಯಿಂದ ಬಂದಿತ್ತು. ಸುಂದ್ರವ್ವ ತನ್ನ ಬಾಗಿಲಲ್ಲಿ ಕೂತಿದ್ದಳು. ಗುರುಪಾದ ನಡುವೆ ನಿಂತು ಎಲ್ಲ ಹೇಳಿದ. ನಿಯಮ ಬರೆದವನು ನಾನು, ಒತ್ತಿದವನು ನಾನು, ಹೆಸರು ನೋಡದೆ ಒತ್ತಿದೆ, ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಫೋನು ತೆಗೆದು ಅಳಿಸಲಾಗದ ಆ ಪುಸ್ತಕವನ್ನೂ ತೋರಿಸಿದ: ಇಂಥ ದಿನ, ಇಂಥ ಹೊತ್ತು, ಫ್ರೀಜ್, ವಾಪಸ್. ಅಲ್ಲಿ ಇದ್ದದ್ದು ಕಂಪನಿಯ ಉದ್ದನೆಯ ಅಕ್ಷರದ ಸಾಲು, ಚಿಗವ್ವನ ಉದ್ದನೆಯ ಅಕ್ಷರದ ಸಾಲು. ಗುರುಪಾದ ಎಂದು ಎಲ್ಲಿಯೂ ಇರಲಿಲ್ಲ.

ಅಣವೀರಪ್ಪ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ. ಸಿಟ್ಟೇನೂ ಇರಲಿಲ್ಲ ಅವನಿಗೆ.

"ನಮಗ ತಿಳಿತದ ಗುರು. ಆಕಿ ನಿನಗ ಹೆತ್ತ ತಾಯಿಗಿಂತ ಹೆಚ್ಚ ಜ್ವಾಪಾನ ಮಾಡ್ಯಾಳ. ಆಕಿ ತಪ್ಪ ನಿನ್ನ ತಲಿ ಮ್ಯಾಲ ಹೊತ್ಕೊಳ್ಲಾಕ ಬಂದೀದಿ. ಛಲೋ ಮಗ ಇದ್ದಿ. ಆದ್ರ ಸುಳ್ಳ ಹೇಳ್ಬ್ಯಾಡ. ನೀ ಅಂಥಾ ಕೆಲಸ ಮಾಡಾಂವ ಅಲ್ಲ."

"ಖರೇ ನಾನೇ ಅಣ್ಣಾ! ದೇವರಾಣಿ ನಾನೇ!"

"ಆಯ್ತು ಬಾ, ಉಣ್ಣು ನಡಿ," ಎಂದ ಅಣವೀರಪ್ಪ. ಉಳಿದವರು ಅವನಿಗೆ ತಟ್ಟೆ ತಂದಿಟ್ಟರು, ನನಗೂ ಒಂದು. ಬಾಗಿಲಲ್ಲಿದ್ದವಳಿಗೆ ಇಡಲಿಲ್ಲ.

ಗುರುಪಾದ ತಟ್ಟೆ ಬಿಟ್ಟು ಹೋಗಿ ಅವಳ ಕಾಲ ಹತ್ತಿರ ಕೂತು ಅತ್ತ. ಅವಳು ಅವನ ತಲೆ ಸವರಿದಳು, ಚಿಕ್ಕಂದಿನಲ್ಲಿ ಸವರಿದ ಹಾಗೆಯೇ ಇರಬೇಕು. ಬಯ್ಯಲಿಲ್ಲ. ಬಯ್ದಿದ್ದರೆ ನಮಗಿಬ್ಬರಿಗೂ ಚೆನ್ನಾಗಿತ್ತು.

"ಅವತ್ತ ಹೇಳಿದ್ರ ನಂಬ್ತಿದ್ರು ತಮ್ಮಾ," ಎಂದಳು.

ನನ್ನ ಕಡೆ ಅವಳು ನೋಡಲಿಲ್ಲ. ಒಳಗೆ ಹೋಗಿ ರೊಟ್ಟಿಯ ಹಂಚನ್ನೂ ಕಲ್ಬಟ್ಟಲನ್ನೂ ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಕುರ್ಲಾದಲ್ಲಿ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿದೆ, ನಾಳೆಯಿಂದ ಬಾ ಎಂದಿದ್ದಾರೆ ಎಂದಳು. ಗುರುಪಾದ ಚೀಲ ಎತ್ತಿಕೊಂಡ. ನಾವು ಮೂವರೂ ಸ್ಟೇಷನ್ನಿಗೆ ನಡೆದೆವು.