ರೇಡಿಯೇಟರಿಗೆ ಹಾಕಿದ ಸವಳು ನೀರು

ಹೋದ ವಾರ ನಮ್ಮ ಬಚ್ಚಲಿನ ಗೀಸರ್ ಕೆಟ್ಟಿತ್ತು. ರಿಪೇರಿಯವನು ಅದರ ಹೊಟ್ಟೆಯೊಳಗಿನ ಕಾಯಿಲ್ ಎಳೆದು ನೆಲದ ಮೇಲಿಟ್ಟ. ಮೈತುಂಬ ಬಿಳಿ ಕಲ್ಲಿನಂತಹ ಪದರು, ನಡುನಡುವೆ ಕಂದು ಲೋಳೆ. ಕೆರೆದಾಗ ತುಕ್ಕಿನ, ಕೊಳೆತ ನೀರಿನ ವಾಸನೆ ಎದ್ದಿತು. ನನಗೆ ವಾಕರಿಕೆ ಬಂದು ಹಿತ್ತಲಿಗೆ ಓಡಿದೆ. ಅಜ್ಜಿಗೆ ಪಿತ್ತವಾಗಿದೆ ಎಂದು ನೀವು ಶುಂಠಿ ತಂದುಕೊಟ್ಟಿರಿ. ಅದು ಪಿತ್ತವಲ್ಲ ಮಕ್ಕಳೇ. ಆ ವಾಸನೆಯನ್ನು ನಾನು ಹಿಂದೆ ಒಮ್ಮೆ ಮೂಗುಮುಚ್ಚಿಕೊಂಡು ಸಹಿಸಿದ್ದೆ... ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಎದುರಿಗೆ ಕುಳಿತು ಹೇಳುವ ಧೈರ್ಯ ನನಗಿಲ್ಲ. ಗರಗದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ನಾವು ಗೋಪನಕೊಪ್ಪದಲ್ಲಿದ್ದಾಗ ಪಕ್ಕದ ಮನೆಯಲ್ಲಿ ಅವರಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ನಿವೃತ್ತರಾದವರು. ನಿಮ್ಮಪ್ಪ ಅವರನ್ನು ಫಿಟರ್ ಕಾಕಾ ಎನ್ನುತ್ತಿದ್ದ. ನಾನು ಏನೂ ಕರೆಯುತ್ತಿರಲಿಲ್ಲ. ಮಾತೇ ಆಡುತ್ತಿರಲಿಲ್ಲ. ಗಂಡಸರೆದುರು ನನಗೆ ನಾಲಿಗೆ ಏಳುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಅವರನ್ನು ಕಂಡರೆ ನನಗೆ ಹೇಸಿಗೆ. ನಿಜವನ್ನೇ ಬರೆಯುತ್ತೇನೆ. ಅವರು ನಶ್ಯ ಏರಿಸುತ್ತಿದ್ದರು. ಏರಿಸಿ ನಾಲ್ಕು ಮನೆಗೆ ಕೇಳುವಂತೆ ಸೀನುತ್ತಿದ್ದರು. ಮೂಗಿನ ಕೆಳಗೆ ಸದಾ ಒಂದು ಕಂದು ಗೆರೆ. ಹೆಗಲ ಮೇಲಿನ ಒಂದೇ ಬಟ್ಟೆಯಿಂದ ಮೂಗು ಒರೆಸಿ, ಅದರಿಂದಲೇ ಎಂಜಿನ್ ಒರೆಸಿ, ಅದರಿಂದಲೇ ನಮ್ಮ ಕಾರಿನ ಸೀಟನ್ನೂ ಒರೆಸುವರು. ಅವರು ಮನೆಗೆ ಹೋದದ್ದೇ ನಾನು ಸಾಬೂನು ಹಚ್ಚಿ ಸೀಟು ತೊಳೆಯುತ್ತಿದ್ದೆ. ಚಹಾ ಕುಡಿದ ಕಪ್ಪನ್ನು ಬೇರೆ ತೊಳೆಯುತ್ತಿದ್ದೆ.

ನಿಮ್ಮಜ್ಜನ ಮೂತ್ರಪಿಂಡ ಕೆಟ್ಟು ವಾರಕ್ಕೆ ಮೂರು ದಿನ ಧಾರವಾಡಕ್ಕೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಅವರಿಗೆ ಓಡಿಸುವ ಶಕ್ತಿ ಉಳಿದಿರಲಿಲ್ಲ. ನಿಮ್ಮಪ್ಪ ಆಗ ಬಳ್ಳಾರಿಯಲ್ಲಿ ನೌಕರಿಗಿದ್ದ. ಫಿಟರ್ ಕಾಕಾ ತಾವಾಗಿಯೇ ಬಂದು ಕಾರಿನ ಚಾವಿ ತೆಗೆದುಕೊಂಡರು. ನಸುಕಿನಲ್ಲಿ ಕರೆದೊಯ್ದು, ಆಸ್ಪತ್ರೆಯ ಹೊರಗೆ ನಾಲ್ಕೈದು ತಾಸು ಕೂತು, ಮರಳಿ ಕರೆತರುತ್ತಿದ್ದರು. ಕಾರು ಹಳೆಯದು. ನಿಮ್ಮಜ್ಜ ಅದನ್ನು ಮಗನಿಗಿಂತ ಹೆಚ್ಚು ನೋಡಿಕೊಂಡಿದ್ದರು ಎಂದರೆ ನಿಮ್ಮಪ್ಪ ಬೇಜಾರು ಮಾಡಿಕೊಳ್ಳಲಾರ.

ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ನಡುಕ ಹುಟ್ಟುತ್ತಿತ್ತು. ಆ ವರ್ಷ ಚಳಿಯೂ ಬಲವಾಗಿತ್ತು. ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು. ನಮ್ಮ ಕಡೆ ಕಾರಿನ ಹೀಟರ್ ಹಚ್ಚುವವರು ಕಡಿಮೆ. ಆದರೆ ಅವರಿಗೆ ಅದೇ ಬೇಕಾಗಿತ್ತು. ಗುಂಡಿಯನ್ನು ಕೆಂಪು ಗೆರೆಯ ಕೊನೆಯವರೆಗೆ ತಿರುವಿದರೂ ಬರುತ್ತಿದ್ದದ್ದು ಕಾಯಿಲೆಯವರ ಉಸಿರಿನಂತಹ ಅರೆಬೆಚ್ಚಗಿನ ಗಾಳಿ. ನಾನು ಹಿಂದಿನ ಸೀಟಿನಲ್ಲಿ ಅವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದೆ. ಅವು ಬೆಚ್ಚಗಾಗುತ್ತಿರಲಿಲ್ಲ...

ಒಂದು ಭಾನುವಾರ, ನಲ್ಲಿಗೆ ನೀರು ಬಂದ ದಿನ, ಫಿಟರ್ ಕಾಕಾ ನಮ್ಮ ಗೇಟಿನ ಮುಂದೆ ಬಾನೆಟ್ ಎತ್ತಿದರು. ನಿಮ್ಮಜ್ಜ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಕುಳಿತಿದ್ದರು.

"ಏನ್ರಿ ಸಾಹೇಬ್ರ, ರೈಲು ಬಿಟ್ಟು ಕಾರಿಗೆ ಕೈ ಹಾಕೀರಿ?"

"ರೈಲಿಗೆ ಹೀಟರ್ ಎಲ್ಲೈತ್ರಿ ಅಣ್ಣಾರ, ಅದಕ್ಕ ಅದು ಕೆಡಂಗಿಲ್ಲ!"

ಇಬ್ಬರೂ ನಕ್ಕರು. ಅವರಿಬ್ಬರು ಕೂಡಿ ನಕ್ಕದ್ದು ಅದೇ ಕೊನೆ.

ಕಾಕಾ ಎಂಜಿನ್ ಚಾಲೂ ಇಟ್ಟು ಕಾಯ್ದರು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು ನಿಂತಿತು. ಎಂಜಿನ್ ಸರಿಯಾಗಿ ಕಾಯುತ್ತಿದೆ ಎಂದರು. ಒಳಗೆ ಫ್ಯಾನೂ ಜೋರಾಗಿ ಬೀಸುತ್ತಿತ್ತು. ಆಮೇಲೆ ಎಂಜಿನ್ನಿನಿಂದ ಕಾರಿನೊಳಗೆ ಹೋಗುವ ಎರಡು ರಬ್ಬರ್ ಪೈಪುಗಳನ್ನು ಹಿಡಿದು ನೋಡಿದರು. ಚಹಾ ತಂದಿದ್ದ ನನ್ನನ್ನು ಕರೆದರು.

"ವೈನಿ, ಇದನ್ನ ಮುಟ್ರಿ. ಸುಡತೈತಿ, ಹೌದಿಲ್ಲೋ? ಈಗ ಇದನ್ನ ಮುಟ್ರಿ. ಥಣ್ಣಗ ಐತಿ. ಬಿಸಿನೀರು ಒಳಗ ಹೊಕ್ಕೈತಿ, ಹೊಳ್ಳಿ ಬರಾಕ ದಾರಿ ಇಲ್ಲ. ನಡುವ ಏನೋ ಕಟ್ಟೇತಿ."

ಎಂಜಿನ್ ಆರಿದ ಮೇಲೆ ಎರಡೂ ಪೈಪು ಬಿಚ್ಚಿ, ನೀರು ಹೊರಬರುವ ಕಡೆಯಿಂದ ನಲ್ಲಿಯ ಪೈಪು ಹಚ್ಚಿ ಒಳಕ್ಕೆ ನೀರು ಬಿಟ್ಟರು. ಮೊದಲು ಏನೂ ಬರಲಿಲ್ಲ. ಆಮೇಲೆ ಒಮ್ಮೆಲೇ ಬಂತು. ಭೇದಿಯಂತಹ ಕಂದು ಗಸಿ, ಅದರಲ್ಲಿ ಬಿಳಿ ಚಕ್ಕೆಗಳು, ಹಾಳುಬಾವಿಯ ನಾತ. ಅದು ಹರಿದು ನಾನು ಬೆಳಿಗ್ಗೆ ಹಾಕಿದ ರಂಗೋಲಿಯ ಮೇಲೆ ಹೋಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಕಾಕಾ ಒಂದು ಚಕ್ಕೆ ಎತ್ತಿ, ಬೆರಳಲ್ಲಿ ಪುಡಿಮಾಡಿ, ನಾಲಿಗೆಯ ತುದಿಗೆ ಇಟ್ಟುಕೊಂಡರು.

"ಸವಳು," ಎಂದು ಉಗುಳಿದರು. "ಬೋರಿನ ನೀರು."

ಮಕ್ಕಳೇ, ಆಗ ನಮ್ಮ ಓಣಿಗೆ ನಲ್ಲಿಯ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ನಡುವಿನ ದಿನಗಳಿಗೆಲ್ಲ ಬೋರಿನ ಸವಳು ನೀರು, ಕಾಸಿದರೆ ಬಿಳಿ ಪದರು ಕಟ್ಟುವ ಉಪ್ಪುನೀರು. ಹೀಟರಿಗೆ ಹೋಗುವ ನೀರೂ ಆ ಕಾರಿನ ರೇಡಿಯೇಟರಿನದೇ; ಅದು ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ನಿಮ್ಮಜ್ಜ ಹಾಸಿಗೆ ಹಿಡಿದಾಗ, ದಿನಾ ಬೆಳಿಗ್ಗೆ ಒಂದು ತಂಬಿಗೆ ಸಿಹಿನೀರನ್ನೇ ಹಾಕಬೇಕು ಎಂದು ನನಗೆ ಹತ್ತು ಸಲ ಹೇಳಿದ್ದರು. ನಾನು ತಲೆಯಾಡಿಸಿದೆ. ಆಮೇಲೆ ಬೋರಿನ ನೀರು ಹಾಕಿದೆ. ಕುಡಿಯುವ ನೀರನ್ನು ಯಂತ್ರದ ಬಾಯಿಗೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಅದಕ್ಕೇನು ರುಚಿ ಗೊತ್ತೇ ಎಂದುಕೊಂಡೆ. ಹೀಗೆ ಎರಡು ವರ್ಷ... ಅವರ ಪಾದ ತಣ್ಣಗಿಟ್ಟವಳು ನಾನೇ.

ಕಾಕಾ ನನ್ನ ಮುಖ ನೋಡಿದರು. ಅವರಿಗೆ ತಿಳಿಯಿತು.

ಕಟ್ಟೆಯಿಂದ ನಿಮ್ಮಜ್ಜ ಕೂಗಿದರು: "ಸವಳು ನೀರು ಹಾಕಿದವರು ಯಾರು?"

ಅವರ ಸಿಟ್ಟು ನಿಮಗೆ ಗೊತ್ತಿಲ್ಲ. ಕಾಯಿಲೆ ಬಂದ ಮೇಲೆ ಅದು ಇಮ್ಮಡಿಯಾಗಿತ್ತು. ಅವರು ದಿನಕ್ಕೆ ಎಷ್ಟು ನೀರು ಕುಡಿಯಬೇಕೆಂದು ಡಾಕ್ಟರು ಅಳತೆ ಕೊಟ್ಟಿದ್ದರು. ಅದನ್ನು ಅಳೆದು ಕೊಡುವವಳು ನಾನು. ನೀರಿನ ವಿಷಯದಲ್ಲಿ ನನ್ನನ್ನು ನಂಬುವುದು ಬಿಟ್ಟರೆ ಅವರು ನನ್ನ ಕೈಯಿಂದ ಇನ್ನೇನು ಮುಟ್ಟುತ್ತಿದ್ದರು? ನಾನು ಚಹಾದ ಕಪ್ಪು ಎತ್ತಿಕೊಂಡೆ.

"ನಾನ ಹಾಕೇನ್ರಿ," ಎಂದರು ಕಾಕಾ. "ಅವಸರದಾಗ ಲಕ್ಷ್ಯ ಇರಲಿಲ್ಲ. ತಪ್ಪಾತ್ರಿ."

ನಿಮ್ಮಜ್ಜ ಕುರ್ಚಿ ಹಿಡಿದು ಎದ್ದು ನಿಂತರು. "ಇಷ್ಟು ವರ್ಷ ವರ್ಕ್‌ಶಾಪಿನಾಗ ಏನ್ ಕಿಸದ್ರಿ? ಕತ್ತೆ ಕಾಯೋರಿಗೂ ಇಷ್ಟು ಬುದ್ಧಿ ಇರತೈತಿ!" ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಕಾಕಾ ತಲೆ ಎತ್ತಲಿಲ್ಲ. ನಿಂಬೆಉಪ್ಪು ತರಿಸಿ, ನೀರಿನಲ್ಲಿ ಕಲಸಿ, ಆ ಹೀಟರಿನೊಳಗೆ ತುಂಬಿ, ಮಧ್ಯಾಹ್ನದವರೆಗೆ ನೆನೆಯಿಟ್ಟು, ಮತ್ತೆ ಮತ್ತೆ ತೊಳೆದರು. ಪೈಪು ಜೋಡಿಸಿ ಎಂಜಿನ್ ಚಾಲೂ ಮಾಡಿದಾಗ ಗಾಳಿ ಒಲೆಯ ಮುಂದಿನ ಝಳದಂತೆ ಬಂತು. ಆಮೇಲೆ ಕಟ್ಟೆಯ ಮೇಲೆ ಚಾವಿ ಇಟ್ಟು ಹೋದರು. ಅದನ್ನು ಮತ್ತೆ ತೆಗೆದುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಮರುದಿನದಿಂದ ಬಾಡಿಗೆಯ ಡ್ರೈವರ್ ಬಂದ.

ಆ ಚಳಿಗಾಲದ ಉಳಿದ ದಿನ ನಿಮ್ಮಜ್ಜ ಬೆಚ್ಚಗೆ ಕುಳಿತು ಮನೆಗೆ ಬಂದರು. ಬರುವಾಗ ದಾರಿಯುದ್ದಕ್ಕೂ ಕಾಕಾರನ್ನು ಬೈಯುತ್ತಿದ್ದರು. ನಾನು ಹ್ಞೂಂ ಎನ್ನುತ್ತಿದ್ದೆ. ಹ್ಞೂಂ ಎಂದೆ, ಸುಮ್ಮನೆ ಕೂಡ ಇರಲಿಲ್ಲ. ಯುಗಾದಿಗೆ ಮೊದಲೇ ನಿಮ್ಮಜ್ಜ ತೀರಿಕೊಂಡರು. ಕಾಕಾ ಬಂದು ಗೇಟಿನ ಹೊರಗೇ ನಿಂತು ಕೈಮುಗಿದರು. ಒಳಗೆ ಬನ್ನಿ ಎನ್ನಲು ನನಗೆ ಆಗಲೂ ಬಾಯಿ ಬರಲಿಲ್ಲ. ಮೂಗಿನ ಕೆಳಗಿನ ಗೆರೆ ಹಾಗೆಯೇ ಇತ್ತು. ಅದನ್ನು ಕಂಡು ಆ ದಿನವೂ ನನಗೆ ಹೇಸಿಗೆಯಾಯಿತು ಎಂದರೆ ನೀವು ನನ್ನನ್ನು ಏನೆಂದು ತಿಳಿಯುತ್ತೀರೋ...

ಮುಂದೆ ಅವರು ಮಗಳ ಊರಿಗೆ ಗದಗಕ್ಕೆ ಹೋದರು. ಅಲ್ಲಿಯೇ ತೀರಿಕೊಂಡರು. ಮನೆ ಖಾಲಿಮಾಡಲು ಬಂದ ಮಗಳು ಅವರ ಪಾನಾ, ಸ್ಪ್ಯಾನರುಗಳ ಪೆಟ್ಟಿಗೆಯನ್ನು ಗುಜರಿಯವನಿಗೆ ಹಾಕುತ್ತಿದ್ದಳು. "ಏನ್ ಆತೋ ಏನೋ ಅತ್ತಿ, ಅಪ್ಪಾ ಇದನ್ನ ಮುಚ್ಚಿಟ್ಟಾಂವ ಮತ್ತ ತಗೀಲೇ ಇಲ್ಲ. ಯಾರರ ಗಾಡಿ ನೋಡಾಕ ಕರದ್ರ, ನನಗ ಬರಂಗಿಲ್ಲ ಅಂತಿದ್ದ." ಅವಳಿಗೂ ನಾನು ಹೇಳಲಿಲ್ಲ. ಚಹಾ ಕೊಟ್ಟು ಕಳಿಸಿದೆ.

ಇವೆಲ್ಲ ಹಳೆಯ ಮಾತು ಎಂದು ಮುಚ್ಚಿಡಬಹುದಿತ್ತು. ಆದರೆ ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮಪ್ಪ ಗೀಸರಿನ ಮಾತೆತ್ತಿ, ಅಜ್ಜನ ಕಾರಿಗೆ ಸವಳು ನೀರು ಕುಡಿಸಿದ ಪೆದ್ದ ಫಿಟರನ ಕಥೆ ಹೇಳಿದ. ನೀವೆಲ್ಲ ಬಿದ್ದುಬಿದ್ದು ನಕ್ಕಿರಿ. ನನ್ನ ಬಾಯಲ್ಲಿ ತುತ್ತಿತ್ತು. ನಾನೂ ನಕ್ಕೆ.

ಫಿಟರ್ ಕಾಕಾರ ಕೆಲಸದಲ್ಲಿ ತಪ್ಪಿರಲಿಲ್ಲ ಎಂದು ನಾನು ಯಾರ ಕಿವಿಗೆ ಹೇಳಬೇಕಿತ್ತೋ ಆ ನಿಮ್ಮಜ್ಜ ಈಗಿಲ್ಲ, ಕಾಕಾ ಕೂಡ ಇಲ್ಲ. ಉಳಿದವರು ನೀವು. ಇದನ್ನು ಓದಿದ ಮೇಲೆ ನಿಮ್ಮಪ್ಪನಿಗೂ ಓದಲು ಕೊಡಿ. ಅವನು ಓದುವಾಗ ನಾನು ಮನೆಯಲ್ಲೇ ಇರುತ್ತೇನೆ.