ಕಡಲೆಹಿಟ್ಟಿನ ಉಂಡೆ ಮತ್ತು ನನ್ನ ಮಗಳ ಕೆನ್ನೆ

ನನ್ನ ಮಗಳ ಕೆನ್ನೆಯ ಚರ್ಮ ಒಡೆಯತೊಡಗಿದ್ದು ಅವಳು ಮಗ್ಗುಲಾಗಲು ಕಲಿತ ಹೊತ್ತಿನಲ್ಲಿ. ಯಾರಿಂದ ಆಯಿತು ಎಂದು ನನಗೆ ಅವತ್ತೇ ಗೊತ್ತಿತ್ತು. ಇದನ್ನು ತಣ್ಣಗೆ ಬರೆಯಲು ನನ್ನಿಂದ ಆಗುವುದಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ.

ನನ್ನ ಅತ್ತೆ ಬೀದರ ಕಡೆಯವರು. ಮಾವನ ಬಟ್ಟೆ ವ್ಯಾಪಾರದ ಬೆನ್ನು ಹಿಡಿದು ಬಂದು ಕೂಕಟ್‌ಪಲ್ಲಿಯ ಈ ಫ್ಲ್ಯಾಟಿನಲ್ಲಿ ನೆಲೆ ನಿಂತವರು. ಹೊರಗೆ ತರಕಾರಿಯವನೊಂದಿಗೆ ತೆಲುಗು, ಒಳಗೆ ಊರಿನ ಕನ್ನಡ, ಬಚ್ಚಲಲ್ಲಿ ಮಾತ್ರ ಅವರದೇ ಕಾಯಿದೆ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಅಜ್ಜಿಯ ಹಕ್ಕು, ತಾಯಿ ಅಲ್ಲಿ ಟವೆಲ್ ಹಿಡಿದು ನಿಲ್ಲಬೇಕಾದವಳು. ಅವರು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಕಡಲೆಹಿಟ್ಟು, ಅರಿಶಿಣ, ಹಾಲಿನ ಕೆನೆ ಸೇರಿಸಿ ಕಲಸಿದ ಉಂಡೆಯಿಂದ ಮೈಯೆಲ್ಲ ತಿಕ್ಕುತ್ತಿದ್ದರು. ನವಿರುಗೂದಲು ಉದುರಬೇಕು, ಬಣ್ಣ ತಿಳಿಯಾಗಬೇಕು. ಕೂದಲಿನದು ನೆಪ. ಮಗಳು ನನ್ನ ಕಪ್ಪು ಬಣ್ಣವನ್ನೇ ಹೊತ್ತು ಹುಟ್ಟಿದ್ದಳು. ಆಸ್ಪತ್ರೆಯಲ್ಲಿ ಅವಳನ್ನು ಮೊದಲು ಎತ್ತಿಕೊಂಡಾಗಲೇ ಅತ್ತೆ, "ಇರ್ಲಿ ಬಿಡು, ದಿನಾ ತಿಕ್ಕಿದ್ರ ಹೋಗ್ತೈತಿ" ಎಂದಿದ್ದರು. ನಾನೇನೋ ಮಸಿ ಮೆತ್ತಿ ಹೆತ್ತಿದ್ದೆ ಎಂಬಂತೆ.

ಉಂಡೆಯ ಮೇಲೆ ಹೊಗೆಯಾಡುವ ನೀರು. ಅದೂ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರು. ಮೊದಲು ಕೆನ್ನೆ ಒರಟಾಯಿತು, ಆಮೇಲೆ ಮೊಣಕೈ ಮಡಿಕೆ, ಮೊಣಕಾಲಿನ ಹಿಂದೆ ಕೆಂಪಾಗಿ ರಸಿಗೆ ಒಸರತೊಡಗಿತು. ಕೂಸು ಹಗಲೆಲ್ಲ ಕೆನ್ನೆಯನ್ನು ಹಾಸಿಗೆಗೆ ಉಜ್ಜಿಕೊಂಡು ಅಳುತ್ತಿತ್ತು. ಅತ್ತೆಯ ತೀರ್ಪು ಸಿದ್ಧವಾಗಿಯೇ ಇತ್ತು: "ನೀ ಬದನಿಕಾಯಿ ತಿಂದಿ. ಹಾಲಾಗ ನಂಜಾಗೇತಿ." ಅಷ್ಟು ಹೇಳಿ ಮರುದಿನ ಇನ್ನೂ ಬಿರುಸಾಗಿ ತಿಕ್ಕಿದರು.

ಗಂಡನಿಗೆ ಹೇಳಿದೆ. "ಅವ್ವ ನನಗೂ ಹಿಂಗ ಎರದಾಳ. ನಾ ಏನ್ ಸತ್ತೀನೇನು?" ಎಂದ. ಸತ್ತಿರಲಿಲ್ಲ, ನಿಜ. ಅವ್ವನೆದುರು ಬಾಯಿ ಮಾತ್ರ ಸತ್ತಿತ್ತು.

ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಮೆಹದಿಪಟ್ಟಣಂನ ಚರ್ಮದ ಡಾಕ್ಟರರ ಬಳಿ ಹೋದೆ. ಆಕೆ ಕೂಸಿನ ತೋಳು ನೋಡಿ, "ಏನು ಹಾಕಿ ತಿಕ್ಕುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಹೇಳಿದ್ದನ್ನು ಕೇಳಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಬಿಡಿಸಿ ಹೇಳಿದರು. ಚರ್ಮದ ಮೇಲ್ಪದರದ ಜೀವಕೋಶಗಳು ಇಟ್ಟಿಗೆಗಳಿದ್ದ ಹಾಗೆ. ಅವನ್ನು ಹಿಡಿದಿಡುವ ಗಾರೆ ಒಂದು ಬಗೆಯ ಕೊಬ್ಬು, ಅದರಲ್ಲಿ ಮುಖ್ಯವಾದದ್ದು ಸೆರಮೈಡ್. ಚರ್ಮ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಅದು ಕಡಿಮೆ, ಇದೂ ಅಂಥದ್ದೇ. ಹಿಟ್ಟು, ಬಿಸಿನೀರು ಸೇರಿ ಇದ್ದದ್ದನ್ನೂ ಕಿತ್ತರೆ ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಕೊಳೆ, ಕ್ರಿಮಿ ಒಳಗೆ ನುಗ್ಗುತ್ತವೆ. ಕೆಂಪಾದ ಕಡೆಗೆ ಕೆಲವು ದಿನದ ಔಷಧಿ ಬರೆದರು. ಜೊತೆಗೆ ಸೆರಮೈಡ್ ಇರುವ ವಾಸನೆಯಿಲ್ಲದ ಕ್ರೀಮು. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಟವೆಲಿನಿಂದ ತಿಕ್ಕಿ ಒರೆಸದೆ ಬರೀ ಒತ್ತಿ, ಮೈ ಹಸಿ ಇರುವಾಗಲೇ ಕ್ರೀಮು ಹಚ್ಚಬೇಕು. "ಇದು ಜಾದೂ ಅಲ್ಲ. ಗೋಡೆ ಗಟ್ಟಿಯಾಗುವವರೆಗೆ ಆಸರೆ. ಇನ್ನು ಯಾರೂ ತಿಕ್ಕಕೂಡದು" ಎಂದರು.

ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಮೂಗು ಮುರಿದರು. ಆದರೂ ಗಂಡನನ್ನು ಕಾಡಿ ಬೇಡಿ, ಅವನಿಂದ ಅವ್ವನಿಗೆ ಒಂದು ಮಾತು ಹೇಳಿಸಿ ತಿಕ್ಕುವುದನ್ನು ನಿಲ್ಲಿಸಿದೆ. ಕೆಲವೇ ವಾರಗಳಲ್ಲಿ ರಸಿಗೆ ಆರಿತು, ಕೂಸು ನಕ್ಕಿತು. ನಾನು ಗೆದ್ದೆ ಅಂದುಕೊಂಡೆ, ಪೆದ್ದಿ.

ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದೆ. ಒಂದು ದಿನ ಮಧ್ಯಾಹ್ನವೇ ಬಂದಾಗ ಬಚ್ಚಲಿಂದ ಕಿರುಚಾಟ ಕೇಳಿಸಿತು. ಕೂಸು ಅತ್ತೆಯ ಕಾಲ ಮೇಲಿತ್ತು, ಪಕ್ಕದ ಬಟ್ಟಲಲ್ಲಿ ಹಳದಿ ಉಂಡೆ, ಅದರ ಪಕ್ಕ ಹಿಂಡಿ ಚಪ್ಪಟೆಯಾದ ಕ್ರೀಮಿನ ಟ್ಯೂಬು.

"ಹಾಲಿನ ಕೆನಿ ಬದ್ಲಿ ಇದನ್ನ ಹಾಕಿ ಕಲಸೀನಿ" ಎಂದರು ಅತ್ತೆ, ಸಂಧಾನ ಮಾಡಿಸಿದವರ ಹಮ್ಮಿನಲ್ಲಿ. "ಡಾಕ್ಟರಂದೂ ಆತು, ನಮ್ಮ ಪದ್ಧತೀನೂ ಉಳೀತು."

ಮಗಳ ಮೊಣಕೈಯಿಂದ ರಕ್ತ ಜಿನುಗುತ್ತಿತ್ತು. ನಾನು ಬಟ್ಟಲನ್ನು ಒದ್ದೆ. ಅದು ಗೋಡೆಗೆ ಬಡಿದು ಹಿಟ್ಟು ಸಿಡಿಯಿತು. ಅಂಥ ಸಮಾಧಾನ ನನಗೆ ಈ ಮನೆಯಲ್ಲಿ ಅದುವರೆಗೆ ಸಿಕ್ಕಿರಲಿಲ್ಲ.

"ನಮ್ಮ ಮನಿ ಕೂಸದು, ನೀ ಯಾರ ಕೇಳಾಕ?" ಎಂದು ಅತ್ತೆ ಚೀರಿದರು.

"ಮನಿ ನಿಮ್ಮದ ಇರ್ಲ್ರಿ. ಚರ್ಮ ಅಕಿದು. ಇನ್ನ ಮ್ಯಾಲ ನೀವು ಮುಟ್ಟಬ್ಯಾಡ್ರಿ."

ಮರುದಿನದಿಂದ ಬೆಳಿಗ್ಗೆ ನಾನೇ ಬಚ್ಚಲ ಬಾಗಿಲು ಹಾಕಿಕೊಂಡು ಸ್ನಾನ ಮಾಡಿಸಿದೆ. ಹಗಲು ಕೂಸನ್ನು ಆಫೀಸಿನ ಪಕ್ಕದ ಶಿಶುಪಾಲನಾ ಕೇಂದ್ರಕ್ಕೆ ಸೇರಿಸಿದೆ. ಅತ್ತೆ ಬಾಗಿಲಾಚೆ ಕೂತು ಬೀದರಿನ ಸಂಬಂಧಿಕರಿಗೆಲ್ಲ ಫೋನು ಹಚ್ಚಿ, ಸೊಸೆ ಮೊಮ್ಮಗಳನ್ನು ಮುಟ್ಟಗೊಡುವುದಿಲ್ಲ ಎಂದು ಅತ್ತರು. ಸುಳ್ಳೇನಲ್ಲ, ನನಗೆ ಬೇಸರವೂ ಆಗಲಿಲ್ಲ. ಗಂಡ ಟಿವಿ ಸದ್ದು ಏರಿಸಿದ.

ಬಹಳ ದಿನ ಹಿಡಿಯಿತು, ಆದರೆ ಚರ್ಮ ಕೂಡಿಕೊಂಡಿತು. ಅವಳ ಮೊದಲ ಹುಟ್ಟುಹಬ್ಬಕ್ಕೆ ಮನೆ ತುಂಬ ಜನ. ಎಲ್ಲರೆದುರು ಬೇಡವೆನ್ನಲಾಗದೆ ಕೂಸನ್ನು ಅತ್ತೆಯ ತೊಡೆಗೆ ಕೊಟ್ಟೆ. ಅವರು ಅವಳ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೆನ್ನೆಯ ಮೇಲೆ ಹೆಬ್ಬೆರಳು ಆಡಿಸಿದರು. ಎಲ್ಲಿಯೂ ಒರಟು ಸಿಗಲಿಲ್ಲ.

"ಮೆತ್ತಗೇನೋ ಆಗೇತಿ" ಎಂದರು ಬಂದವರಿಗೆಲ್ಲ ಕೇಳುವಂತೆ. "ಇಷ್ಟೆಲ್ಲ ಹಚ್ಚಿದ್ರೂ ಬಣ್ಣ ಮಾತ್ರ ಬರಲಿಲ್ಲ ನೋಡ್ರಿ."

"ಬಂದೈತ್ರಿ" ಎಂದೆ, ಮಗಳನ್ನು ಅವರ ತೊಡೆಯಿಂದ ಎತ್ತಿಕೊಳ್ಳುತ್ತ. "ಇದ ಅಕಿ ಬಣ್ಣ."