ಆಮೆಯ ಗೂಡಿಗೆ ಹಲಗೆ

ನಲವತ್ತು ವರ್ಷ ಮರದ ಪುಡಿ ಸೇದಿ ಸೇದಿ ಬಡಗಿಯ ಮೂಗಿಗೆ ಯಾವ ವಾಸನೆಯೂ ತಿಳಿಯದಂತಾಗಿತ್ತು. ಈ ಗುಟ್ಟು ಹೆಂಡತಿಗೆ ಮಾತ್ರ ಗೊತ್ತಿತ್ತು.

ಒಂದು ದಿನ ಟೀಚರಮ್ಮ ತಮ್ಮ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು, ಅದಕ್ಕೆ ಗೂಡು ಮಾಡಿಸಲು ಬಂದರು. "ಘಾಟು ವಾಸನೆಯ ಮರ ಬೇಡಪ್ಪ, ಇದರ ಉಸಿರಿಗೆ ಆಗಲ್ಲ. ಹೋದ ಸಲ ಅಂಥ ಗೂಡಲ್ಲೇ ಒಂದನ್ನ ಕಳ್ಕೊಂಡೆ."

ಬಡಗಿ ಹಳೇ ಬೀರುವಿನ ಹಲಗೆಯೊಂದನ್ನು ಕೀಸಿ, ಎಂದಿನಂತೆ ಮೂಸಿದ ಹಾಗೆ ಮಾಡಿದ. 'ಇದಾಗುತ್ತೆ' ಎನ್ನಲು ಬಾಯಿ ತೆರೆದವನು, ಬುಟ್ಟಿಯಿಂದ ಕತ್ತು ಚಾಚಿದ ಆಮೆಯನ್ನು ಕಂಡು ಮಾತು ತಡೆದುಕೊಂಡ.

"ಇವಳೇ, ಬಾ ಇಲ್ಲಿ," ಎಂದು ಹೆಂಡತಿಯನ್ನು ಕರೆದ. "ನನ್ನ ಮೂಗು ಇರೋದು ಕನ್ನಡಕ ಇಡೋಕಷ್ಟೇ. ನೀನೇ ಮೂಸಿ ನೋಡು."

"ಸಣ್ಣಗೆ ಘಾಟಿದೆ ಕಣ್ರೀ, ದೇವದಾರು," ಎನ್ನುತ್ತಾ ಅವಳು ಬೇರೆ ಹಲಗೆ ಆರಿಸಿಕೊಟ್ಟಳು.

ಗೂಡು ಮಾಡಿ ಉಳಿದ ತುಂಡುಗಳಲ್ಲಿ ಬಡಗಿ, ಅಂಗಡಿಯಲ್ಲಿ ಅವಳು ಕೂರಲೆಂದು ಒಂದು ಸ್ಟೂಲು ಮಾಡಿದ.